ಡೀಸೆಲ್ ತೆರಿಗೆ ಏರಿದಾಗ ನಾನು ಮಾಡಿದ ಲಾರಿ ಲೆಕ್ಕ

ಕೋಲಾರದ ಎಪಿಎಂಸಿಯಿಂದ ಬೆಂಗಳೂರಿನ ಕಲಾಸಿಪಾಳ್ಯ ಮಾರುಕಟ್ಟೆಗೆ ಟೊಮ್ಯಾಟೊ ಸಾಗಿಸುವ ಮೂರು ಹದಿನಾಲ್ಕು ಅಡಿಯ ಲಾರಿಗಳು ನನ್ನವು. ಮೂರು ಮಂಡಿಗಳಿಗೆ ಒಂದೊಂದು ಲಾರಿಯನ್ನು ಬಿಟ್ಟಿದ್ದೇನೆ. ಬಾಡಿಗೆ ಕ್ರೇಟ್ ಲೆಕ್ಕದಲ್ಲಿ ಬರುತ್ತದೆ, ಡೀಸೆಲ್ ಖರ್ಚು ನನ್ನದು. ಹೀಗಾಗಿ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು ಏರಿಸಿದ ದಿನ ಅದರ ಮೊದಲ ಪೆಟ್ಟು ಬೀಳುವುದು ನನ್ನ ಜೇಬಿಗೆ. ಅಲ್ಲಿಂದ ಅದು ಯಾರ ಕಡೆಗೆ ಎಷ್ಟೆಷ್ಟು ಸರಿಯಿತು ಎಂಬುದನ್ನು ಸುಮಾರು ಎರಡು ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಈ ಬರಹ ಆ ನೋಟ್‌ಬುಕ್ಕಿನಿಂದಲೇ ಬಂದದ್ದು.

2024ರ ಜೂನ್ 15ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೂ, ಪೆಟ್ರೋಲ್ ಮೇಲಿನದನ್ನು ಶೇ 25.92ರಿಂದ ಶೇ 29.84ಕ್ಕೂ ಏರಿಸಿತು. ಬಂಕಿನಲ್ಲಿ ಎರಡೂ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾದವು. ಆವರೆಗೆ ನನ್ನ ಲೆಕ್ಕವೆಂದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿದದ್ದು ಇಷ್ಟು ಎಂಬುದಷ್ಟೇ ಆಗಿತ್ತು, ಹಾಗಾಗಿ ಮೂರು ರೂಪಾಯಿ ಏರಿದರೆ ನನಗೆಷ್ಟು ನಷ್ಟ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆ ವಾರ ಮೂರೂ ಲಾರಿಗಳಿಗೆ ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಮೀಟರ್ ಓದು ಬರೆದುಕೊಂಡು, ಐದು ಟ್ರಿಪ್ ಆದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು ಎಂದು ನೋಡಿದೆ. ಲೋಡಿನಲ್ಲಿ ಹೋಗಿ ಖಾಲಿ ಬರುವ ಓಡಾಟಕ್ಕೆ ಸರಾಸರಿ ಆರೂವರೆ ಕಿಲೋಮೀಟರ್ ಮೈಲೇಜ್ ಬಂತು. ಹೋಗಿಬರುವ ದಾರಿ ನೂರೈವತ್ತು ಕಿಲೋಮೀಟರ್, ತಿಂಗಳಿಗೆ ಇಪ್ಪತ್ತಾರು ಟ್ರಿಪ್, ಅಂದರೆ ಒಂದು ಲಾರಿ ತಿಂಗಳಿಗೆ 600 ಲೀಟರ್ ಕುಡಿಯುತ್ತಿತ್ತು. ಮೂರು ರೂಪಾಯಿಯ ಏರಿಕೆ ಎಂದರೆ ಲಾರಿಯೊಂದಕ್ಕೆ 1,800 ರೂಪಾಯಿ.

ಆಗ ಮಂಡಿಯವರನ್ನು ನಾನು ಏನೂ ಕೇಳಲಿಲ್ಲ. ಹೊಂದಿಸಿಕೊಂಡು ಹೋಗೋಣ ಎಂದುಕೊಂಡೆ. ಗ್ರೀಸ್ ಹೊಡೆಸುವುದನ್ನು ಒಂದು ವಾರ ತಳ್ಳಿದೆ, ಸವೆದ ಟೈರನ್ನು ಇನ್ನೊಂದು ತಿಂಗಳು ಓಡಿಸಿದೆ. ಇವು ಉಳಿತಾಯಗಳಲ್ಲ, ಮುಂದಿನ ತಿಂಗಳಿಂದ ಮಾಡಿದ ಸಾಲ ಎಂಬುದು ಹೊಸಕೋಟೆಯ ಬಳಿ ಆ ಟೈರ್ ಸಿಡಿದು, ಟೊಮ್ಯಾಟೊ ತುಂಬಿದ ಲಾರಿ ರಾತ್ರಿಯಿಡೀ ರಸ್ತೆ ಬದಿಯಲ್ಲಿ ನಿಂತಾಗ ಗೊತ್ತಾಯಿತು.

ಈ ತೆರಿಗೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಡೀಸೆಲ್ ಮತ್ತು ಪೆಟ್ರೋಲ್ ಇನ್ನೂ ಜಿಎಸ್‌ಟಿಗೆ ಸೇರಿಲ್ಲ. ಕೇಂದ್ರ ಸರ್ಕಾರ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ಅಬಕಾರಿ ಸುಂಕವನ್ನು ಹಾಕುತ್ತದೆ, ಅದೂ ಸೇರಿದ ಬೆಲೆಯ ಮೇಲೆ ರಾಜ್ಯ ಸರ್ಕಾರ ಶೇಕಡಾ ಲೆಕ್ಕದಲ್ಲಿ ಮಾರಾಟ ತೆರಿಗೆಯನ್ನು ಹಾಕುತ್ತದೆ. ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ ಎಂದು ನಮ್ಮವರು ಗೊಣಗುವುದು ಇದಕ್ಕೇ. ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಂಡ ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆದುಕೊಳ್ಳಬಹುದು, ಆದರೆ ಡೀಸೆಲ್ ಮೇಲೆ ಕಟ್ಟಿದ್ದು ಯಾವ ಬಿಲ್ಲಿನಲ್ಲೂ ಹಿಂತಿರುಗುವುದಿಲ್ಲ. ಆದಾಯ ತೆರಿಗೆಯಲ್ಲಿ ನಮ್ಮಂಥ ಸಣ್ಣ ಮಾಲೀಕರಿಗೆ ಲಾರಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಅಂದಾಜಿನಲ್ಲಿ ತೋರಿಸುವ ಅನುಕೂಲವಿದೆ. ಲೆಕ್ಕದ ಪುಸ್ತಕ ಬರೆಯುವ ತಲೆನೋವು ಇದರಿಂದ ತಪ್ಪುತ್ತದೆಯಾದರೂ, ಡೀಸೆಲ್ ಎಷ್ಟೇ ಏರಿದರೂ ಆ ಅಂದಾಜು ಇಳಿಯುವುದಿಲ್ಲ.

2025ರ ಏಪ್ರಿಲ್ 1ರಂದು ರಾಜ್ಯದ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿ, ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿಯ ಗಡಿಯನ್ನು ಮುಟ್ಟಿತು. ಹೆದ್ದಾರಿ ಟೋಲ್ ದರ ಪರಿಷ್ಕರಣೆಯಾಗುವುದೂ ಅದೇ ದಿನ. ಇದಾದ ಒಂದು ವಾರಕ್ಕೆ, ಏಪ್ರಿಲ್ 8ರಿಂದ ಜಾರಿಗೆ ಬರುವಂತೆ, ಕೇಂದ್ರವೂ ಅಬಕಾರಿ ಸುಂಕವನ್ನು ಲೀಟರಿಗೆ ಎರಡು ರೂಪಾಯಿ ಏರಿಸಿತು. ಬೆಳಿಗ್ಗೆ ಬಂಕಿಗೆ ಹೋಗಿ ನೋಡಿದರೆ ಬೋರ್ಡಿನ ಮೇಲಿನ ಬೆಲೆ ಅಲುಗಿರಲಿಲ್ಲ. ಕಚ್ಚಾ ತೈಲದ ಬೆಲೆ ಆಗ ಇಳಿದಿದ್ದುದರಿಂದ ಆ ಭಾರವನ್ನು ತೈಲ ಕಂಪನಿಗಳೇ ತಮ್ಮ ಲಾಭದಲ್ಲಿ ನುಂಗಿಕೊಂಡಿದ್ದವು. ಒಂದೇ ವಾರದೊಳಗೆ ಎರಡು ಸರ್ಕಾರಗಳು ಎರಡೆರಡು ರೂಪಾಯಿ ಏರಿಸಿದ್ದವು, ಅದರಲ್ಲಿ ಒಂದು ನನ್ನ ತನಕ ಬಂತು, ಇನ್ನೊಂದು ಬರಲಿಲ್ಲ. ತೆರಿಗೆಯನ್ನು ಯಾರ ಮೇಲೆ ಹಾಕಿದರು ಎನ್ನುವುದಕ್ಕಿಂತ, ನಡುವೆ ಇರುವವರಲ್ಲಿ ಯಾರಿಗೆ ತಡೆದುಕೊಳ್ಳುವ ಜಾಗವಿದೆ, ಯಾರಿಗೆ ಮುಂದಕ್ಕೆ ತಳ್ಳುವ ಬಲವಿದೆ ಎನ್ನುವುದೇ ಹೆಚ್ಚು ಮುಖ್ಯ ಎಂಬ ಮಾತು ನನಗೆ ಹೊಳೆದದ್ದು ಆ ಬೋರ್ಡಿನ ಮುಂದೆ ನಿಂತಾಗ.

ಎರಡೂ ಸಲದ ರಾಜ್ಯ ತೆರಿಗೆ ಸೇರಿ ಲೀಟರಿಗೆ ಐದು ರೂಪಾಯಿ, ಲಾರಿಯೊಂದಕ್ಕೆ ತಿಂಗಳಿಗೆ 3,000, ಮೂರಕ್ಕೆ 9,000. ಈ ಸಲ ಸುಮ್ಮನಿರಲು ಸಾಧ್ಯವಿರಲಿಲ್ಲ. ಮಂಡಿಗೆ ಹೋಗುವ ಮುನ್ನ ನ್ಯಾಯವಾಗಿ ಎಷ್ಟು ಕೇಳಬೇಕೆಂದು ಲೆಕ್ಕ ಹಾಕಿದೆ. ಒಂದು ಟ್ರಿಪ್ಪಿಗೆ 23 ಲೀಟರ್, ಅಂದರೆ 115 ರೂಪಾಯಿ ಹೆಚ್ಚಳ. ಲಾರಿಗೆ ಹದಿನೈದು ಕಿಲೋದ 240 ಕ್ರೇಟ್ ಹಿಡಿಯುತ್ತದೆ, ಆದ್ದರಿಂದ ಕ್ರೇಟಿಗೆ 48 ಪೈಸೆ. ಕಿಲೋ ಟೊಮ್ಯಾಟೊಗೆ ಮೂರು ಪೈಸೆಗಿಂತ ತುಸು ಹೆಚ್ಚು! ಈ ಅಂಕಿ ಬಂದಾಗ ಲೆಕ್ಕ ತಪ್ಪಿರಬೇಕೆಂದು ಮತ್ತೊಮ್ಮೆ ಮಾಡಿದೆ. ನಮ್ಮ ಬೀದಿಯ ಅಂಗಡಿಯಲ್ಲಿ ಅದೇ ವಾರ ಕಿಲೋಗೆ ಎರಡು ರೂಪಾಯಿ ಏರಿಸಿ, "ಏನ್ ಮಾಡೋದು ಸಾರ್, ಡೀಸೆಲ್ ರೇಟು" ಎಂದಿದ್ದರು. ಟೊಮ್ಯಾಟೊ ಬೆಲೆ ಮಳೆಗೆ, ಬಿಸಿಲಿಗೆ, ನಾಸಿಕದ ಮಾಲಿಗೆ ದಿನಕ್ಕೊಮ್ಮೆ ಕುಣಿಯುವಂಥದ್ದು, ಆ ಎರಡು ರೂಪಾಯಿಯನ್ನು ತೆರಿಗೆಯ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಆದರೆ ನನ್ನ ಬಾಡಿಗೆಯೊಂದೇ ಪೂರ್ತಿ ಲೆಕ್ಕವೂ ಅಲ್ಲ. ಉಳುಮೆಯ ಟ್ರಾಕ್ಟರ್, ತೋಟದಿಂದ ಎಪಿಎಂಸಿಗೆ ಬರುವ ಪಿಕಪ್, ಮಾರುಕಟ್ಟೆಯಿಂದ ಅಂಗಡಿಗೆ ಹೋಗುವ ಗೂಡ್ಸ್ ಆಟೊ, ಪ್ರತಿಯೊಂದೂ ತನ್ನ ಪಾಲಿನ ಪೈಸೆಗಳನ್ನು ಸೇರಿಸುತ್ತದೆ, ಪ್ರತಿಯೊಬ್ಬರೂ ಅದನ್ನು ರೂಪಾಯಿಗೆ ದುಂಡಗೆ ಮಾಡುತ್ತಾರೆ. 2025ರ ಜನವರಿ 5ರಿಂದ ಸರ್ಕಾರಿ ಬಸ್ ಪ್ರಯಾಣ ದರ ಶೇ 15ರಷ್ಟು ಏರಿದಾಗ ಕೊಟ್ಟ ಕಾರಣಗಳಲ್ಲಿಯೂ ಡೀಸೆಲ್ ವೆಚ್ಚ ಒಂದಾಗಿತ್ತು.

ಮೂರು ಮಂಡಿಗಳಲ್ಲಿ ಕ್ರೇಟಿಗೆ ಐವತ್ತು ಪೈಸೆ ಹೆಚ್ಚಿಗೆ ಕೇಳಿದೆ. ಮೊದಲನೆಯವರು ನನ್ನ ನೋಟ್‌ಬುಕ್ಕನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಎರಡು ಪುಟ ಓದಿ, "ಲೆಕ್ಕ ಇಟ್ಟಿದೀಯಲ್ಲಪ್ಪ, ಸರಿ ಬಿಡು" ಎಂದು ಒಪ್ಪಿದರು. ಎರಡನೆಯವರು ಬಹಳ ಎಳೆದಾಡಿ ಇಪ್ಪತ್ತೈದು ಪೈಸೆಗೆ ಬಂದರು. ಮೂರನೆಯವರು ಆಂಧ್ರದ ಕಡೆಯ ಲಾರಿಯೊಂದು ನನಗಿಂತ ಕಡಿಮೆಗೆ ಬರಲು ಸಿದ್ಧವಿದೆ ಎಂದು ಹೇಳಿ ಮಾತು ಮುಗಿಸಿದರು. ಅದು ಸುಳ್ಳಾಗಿರಲಿಲ್ಲ. ಆಂಧ್ರದಲ್ಲಿ ಡೀಸೆಲ್ ನಮಗಿಂತ ದುಬಾರಿ, ಆದ್ದರಿಂದ ಆ ಕಡೆಯ ಲಾರಿಗಳು ಮುಳಬಾಗಿಲು ತಾಲ್ಲೂಕಿನ ಗಡಿಯ ಬಂಕುಗಳಲ್ಲೇ ತುಂಬಿಸಿಕೊಂಡು ಬರುತ್ತವೆ, ಹೇಗೂ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಕ್ಕಿದ್ದೇ ಲಾಭವೆಂದು ಲೋಡ್ ಹಾಕಿಕೊಳ್ಳುತ್ತವೆ. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಬೆಲೆ ಈಗಲೂ ಕಡಿಮೆ ಎಂದು ಸರ್ಕಾರ ಕೊಟ್ಟ ಸಮಜಾಯಿಷಿ ಆಂಧ್ರದ ಮಟ್ಟಿಗೆ ನಿಜವೇ, ಆದರೆ ನಾನು ಸ್ಪರ್ಧಿಸಬೇಕಾದದ್ದು ನಮ್ಮದೇ ಬಂಕಿನಲ್ಲಿ ತುಂಬಿಸುವ ಆ ಲಾರಿಯ ಜೊತೆ.

ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರ ಒಕ್ಕೂಟ ಮುಷ್ಕರಕ್ಕೆ ಕರೆ ಕೊಟ್ಟಿತು. ಮೊದಲ ದಿನ ನಾನೂ ಲಾರಿಗಳನ್ನು ನಿಲ್ಲಿಸಿದೆ. ಎರಡನೆಯ ದಿನ, ಹಣ್ಣಾದ ಮಾಲನ್ನು ಇಳಿಸಿಕೊಂಡು ಕುಳಿತ ರೈತರ ಮುಖ ನೋಡಲಾಗದೆ ಒಂದು ಲಾರಿಯನ್ನು ಹೊರಡಿಸಿದೆ, ಆ ಬಗ್ಗೆ ಇಂದಿಗೂ ಒಂದಿಷ್ಟು ಸಂಕೋಚವಿದೆ. ಕೆಲವೇ ದಿನಗಳಲ್ಲಿ ಮುಷ್ಕರ ಮುಗಿಯಿತು, ತೆರಿಗೆ ಇಳಿಯಲಿಲ್ಲ.

ಎರಡು ಮಂಡಿಗಳಿಂದ ಬಂದ ಹೆಚ್ಚಳವನ್ನು ಕಳೆದರೂ ತಿಂಗಳಿಗೆ ಸುಮಾರು 4,300 ರೂಪಾಯಿ ನನ್ನ ಮೇಲೆ ಉಳಿಯಿತು. ಮೇ ತಿಂಗಳಲ್ಲಿ ಮೂರನೆಯ ಲಾರಿಯ ಕ್ಲೀನರ್ ಹುಡುಗನಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳಿದೆ. ಅವನ ಸಂಬಳ ಒಂಬತ್ತು ಸಾವಿರ. ಮೂರು ಲಾರಿಗಳ ಮೇಲೆ ಬಿದ್ದ ತೆರಿಗೆಗೆ ಅದು ಸರಿಸಮ ಎಂಬುದು ನೋಟ್‌ಬುಕ್ಕಿನಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ಡ್ರೈವರ್ ಅದನ್ನು ಕೇಳಿ, "ಅಣ್ಣಾ, ರಾತ್ರಿ ಹೊತ್ತು ಟಾರ್ಪಾಲ್ ಕಟ್ಟೋಕೆ ಒಬ್ಬನ ಕೈಲಿ ಆಗಲ್ಲ. ರಿವರ್ಸ್ ತಗೊಳ್ಳುವಾಗ ಹಿಂದೆ ನೋಡೋರು ಯಾರು?" ಎಂದ. ಅವನಿಗೆ ಟ್ರಿಪ್ಪಿಗೆ ನೂರು ರೂಪಾಯಿ ಬಾಟಾ ಹೆಚ್ಚಿಸಿದೆ. ಅದನ್ನು ಕಳೆದ ಮೇಲೂ ತಿಂಗಳಿಗೆ 6,400 ರೂಪಾಯಿ ಉಳಿಯಿತು, ಅಂದರೆ ನನಗಾದ ಕೊರತೆಗಿಂತ ಹೆಚ್ಚು. ಒಪ್ಪಿಕೊಳ್ಳಬೇಕಾದ ಮಾತಿದು: ಇನ್ಶೂರೆನ್ಸ್, ಟೋಲ್, ಬಿಡಿಭಾಗಗಳ ಖರ್ಚಿನಿಂದ ಆ ನಿರ್ಧಾರ ನನ್ನ ಮನಸ್ಸಿನಲ್ಲಿ ಮೊದಲೇ ಅರ್ಧ ಆಗಿತ್ತು, ತೆರಿಗೆ ಅದನ್ನು ಪೂರ್ತಿ ಮಾಡಿತು. ತೆರಿಗೆಯಿಂದ ಕೆಲಸ ಹೋಯಿತು ಎಂದು ಹೇಳುವ ಮಾಲೀಕರ ಮಾತಿನಲ್ಲಿ ಎಷ್ಟು ಪಾಲು ಕಾರಣ, ಎಷ್ಟು ಪಾಲು ನೆಪ ಎಂದು ಕೇಳುವ ಅಭ್ಯಾಸ ನನಗೆ ಅಲ್ಲಿಂದ ಆಯಿತು. ಇನ್ನೊಂದು ನಷ್ಟ ಯಾವ ಪುಟದಲ್ಲೂ ಬರಲಿಲ್ಲ. ಕ್ಲೀನರ್ ಸೀಟಿನಲ್ಲಿ ಕುಳಿತು ನಾಲ್ಕು ವರ್ಷ ರಸ್ತೆ ನೋಡಿದವನೇ ನಮ್ಮಲ್ಲಿ ಡ್ರೈವರ್ ಆಗುವುದು, ನಾನೂ ಹಾಗೆಯೇ ಕಲಿತವನು. ಈಗ ಡ್ರೈವರ್‌ಗಳು ಸಿಗುತ್ತಿಲ್ಲ ಎಂದು ಗೋಳಾಡುವ ನಾವೇ ಆ ಸೀಟನ್ನು ಖಾಲಿ ಮಾಡುತ್ತಿದ್ದೇವೆ.

ತೆರಿಗೆಯ ಹಣ ಎಲ್ಲಿಗೂ ಹೋಗಲಿಲ್ಲ ಎಂದೂ ನಾನು ಹೇಳಲಾರೆ. ಡ್ರೈವರ್‌ನ ಹೆಂಡತಿಯ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ಆಕೆ ಕೋಲಾರದ ಆಸ್ಪತ್ರೆಗೆ ದುಡ್ಡು ಕೊಡದೆ ಬಸ್ಸಿನಲ್ಲಿ ಬರುತ್ತಾಳೆ. ಅದೇ ಬಸ್ಸಿನಲ್ಲಿ ಡ್ರೈವರ್ ಮಾತ್ರ ಏರಿದ ದರ ಕೊಟ್ಟು ಕೆಲಸಕ್ಕೆ ಬರುತ್ತಾನೆ. ಆ ಮನೆಯ ಮಟ್ಟಿಗೆ ಕೂಡಿ ಕಳೆದರೆ ಲಾಭವೇ ಹೆಚ್ಚು. ಕ್ಲೀನರ್‌ನ ತಾಯಿಗೂ ಎರಡು ಸಾವಿರ ಬರುತ್ತಿತ್ತು, ಆದರೆ ಆ ಮನೆಯಿಂದ ಹೋದದ್ದು ಒಂಬತ್ತು ಸಾವಿರ.

ಆಮೇಲೆ ನಾನು ಮಾಡಿದ್ದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಎರಡೇ. ಮೊದಲ ಮಂಡಿಯವರೊಂದಿಗೆ ಬಿಳಿ ಹಾಳೆಯ ಮೇಲೆ ಬರೆದುಕೊಂಡೆವು: ಡೀಸೆಲ್ ಲೀಟರಿಗೆ ಒಂದು ರೂಪಾಯಿ ಏರಿದರೆ ಟ್ರಿಪ್ಪಿನ ಬಾಡಿಗೆ 23 ರೂಪಾಯಿ ಏರಬೇಕು, ಇಳಿದರೆ ಅಷ್ಟೇ ಇಳಿಯಬೇಕು. ಇಳಿದರೆ ಇಳಿಸುತ್ತೇನೆ ಎಂಬ ಸಾಲು ಇಲ್ಲದಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲ, ಮತ್ತು ಆ ಸಾಲು ನ್ಯಾಯವೂ ಹೌದು, ಏಕೆಂದರೆ 2021ರ ನವೆಂಬರಿನಲ್ಲಿ ಕೇಂದ್ರ, ರಾಜ್ಯ ಎರಡೂ ತೆರಿಗೆಯನ್ನು ಇಳಿಸಿದಾಗ ನಾನು ಒಂದು ಪೈಸೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಎರಡನೆಯದು ವಾಪಸ್ ಲೋಡು. ಬೆಂಗಳೂರಿನಿಂದ ಖಾಲಿ ಬರುವ ಬದಲು ವಾರಕ್ಕೆ ಮೂರು ದಿನ ಹಿಂಡಿ, ಬೂಸಾ ತುಂಬಿಕೊಂಡು ಬರುತ್ತೇವೆ. ಬಾಡಿಗೆ ಕಡಿಮೆ, ಕಾಯುವುದು ಹೆಚ್ಚು, ಡ್ರೈವರ್‌ನ ನಿದ್ದೆ ಇನ್ನೂ ಕಡಿಮೆ. ಆದರೂ ಡೀಸೆಲ್ ಖರ್ಚಿನ ಹಣ ಹುಟ್ಟುತ್ತದೆ.

2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ನನ್ನ ಅಳತೆಯ ಟೈರೊಂದಕ್ಕೆ ಸುಮಾರು 900 ರೂಪಾಯಿ ಕಡಿಮೆಯಾಯಿತು, ವರ್ಷಕ್ಕೆ ಒಂಬತ್ತು ಟೈರ್ ಹಾಕಿಸುತ್ತೇನೆ ಎಂದರೆ ಎಂಟು ಸಾವಿರದ ಉಳಿತಾಯ. ಡೀಸೆಲ್ ತೆರಿಗೆಯ ಏರಿಕೆಯಲ್ಲಿ ಹೋಗುವುದು ವರ್ಷಕ್ಕೆ 1,08,000. ಆದರೂ ವಾಪಸ್ ಲೋಡಿನ ಹಣವೂ ಸೇರಿದ ಧೈರ್ಯದಲ್ಲಿ, ಆ ಹುಡುಗನಿಗೆ ಫೋನ್ ಮಾಡಿ ಬರುತ್ತೀಯಾ ಎಂದು ಕೇಳಿದೆ. ಅವನೀಗ ಹೊಸಕೋಟೆಯ ಗೋದಾಮೊಂದರಲ್ಲಿ ಗುತ್ತಿಗೆಯ ಮೇಲೆ ಪೆಟ್ಟಿಗೆ ಎತ್ತುತ್ತಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಟಿಯರಿಂಗ್ ಕೊಡೋದಾದ್ರೆ ಬರ್ತೀನಣ್ಣ, ಕ್ಲೀನರ್ ಕೆಲಸಕ್ಕೆ ಬೇಡ" ಎಂದ. ಲೈಸೆನ್ಸ್ ಆಗಿದೆಯೇ ಎಂದು ಕೇಳಿದೆ. ಎಲ್‌ಎಲ್‌ಆರ್ ಮಾಡಿಸಿದ್ದಾನಂತೆ.