ಹಳೇ ಏರ್ ಪಿಸ್ತೂಲು: ಬಾಯಿ ನೋಡಿ ಕೊಳ್ಳಿ

ನನ್ನ ಏರ್ ಪಿಸ್ತೂಲು, ಫೈನ್‌ವೆರ್ಕ್‌ಬೌ ಕಂಪನಿಯ 65 ಮಾದರಿ, ಕೈಗೆ ಬಂದಾಗ ನೋಡೋಕೆ ಹೊಸದರ ಹಾಗೇ ಇತ್ತು. 'ಜಾಸ್ತಿ ಬಳಸಿಲ್ಲ, ಸುಮ್ನೆ ಪೆಟ್ಟಿಗೆಯಲ್ಲಿತ್ತು' ಎಂದಿದ್ದರು ಮಾರಿದವರು. ಮೂರನೇ ದಿನ ಪೆಲೆಟ್ (ಇದರ ಪುಟ್ಟ ಗುಂಡು) ಜೊತೆ ನಳಿಕೆಯಿಂದ ಮರದ ಹೊಟ್ಟಿನಂಥ ಕಂದು ಪುಡಿ ಉದುರಿತು. ಇದರಲ್ಲಿ ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿಯನ್ನು ಅದುಮಿ ಪೆಲೆಟ್ ಹೊರದೂಡುತ್ತದೆ. ಆ ಗಾಳಿ ಸೋರದಂತೆ ತಡೆಯುವ ಪಿಸ್ಟನ್ ಸೀಲ್ ಪುಡಿಪುಡಿಯಾಗಿತ್ತು. ಬಳಸಿದರೂ ಬಿಟ್ಟರೂ ಆ ಕಾಲದ ಪ್ಲಾಸ್ಟಿಕ್ ವಯಸ್ಸಾದ ಮೇಲೆ ಹಾಗೇ ಆಗುತ್ತದೆ.

ಆಮೇಲೆ ಗೊತ್ತಾಯಿತು, ಅದು ದೊಡ್ಡ ಕಾಯಿಲೆಯೇ ಅಲ್ಲ. ಸೀಲ್, ಸ್ಪ್ರಿಂಗ್ ಹೊಸದು ಸಿಗುತ್ತವೆ. ಹಾಗಾಗಿ ಕೊಳ್ಳುವಾಗ ಬದಲಿಸೋಕೆ ಆಗದ್ದನ್ನು ಮಾತ್ರ ನೋಡಿ. ಅದಕ್ಕೂ ಮೊದಲು ನಿಮ್ಮಲ್ಲಿ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಾ, ವಯಸ್ಸಿನ ಮಿತಿ ಇದೆಯಾ ಎಂದು ವಿಚಾರಿಸಿಕೊಳ್ಳಿ.

ಎತ್ತು ಕೊಳ್ಳುವಾಗ ಹಲ್ಲು ನೋಡ್ತಾರಲ್ವಾ, ಇಲ್ಲಿ ನಳಿಕೆಯ ಬಾಯಿ ನೋಡಬೇಕು. ಪಿಸ್ತೂಲು ಖಾಲಿ ಇದೆ, ಸ್ಪ್ರಿಂಗ್ ಎಳೆದಿಲ್ಲ ಎಂದು ಖಚಿತವಾದ ಮೇಲೆ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಬಾಯಿಯ ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆಯಿರಿ. ಒಂದೇ ಜಾಗದಲ್ಲಿ ಪದೇ ಪದೇ ಎಳೆ ಸಿಕ್ಕಿಕೊಂಡರೆ ಅಂಚು ಪೆಟ್ಟು ತಿಂದಿದೆ. ಪೆಲೆಟ್ ಹೊರಬೀಳುವ ಕೊನೇ ಕ್ಷಣದಲ್ಲಿ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಗುರಿ ಕೆಡುತ್ತದೆ. ಆಮೇಲೆ ಸ್ಕ್ರೂ ತಲೆಗಳನ್ನು ನೋಡಿ. ಸೀಳು ಹರಿದುಹೋಗಿದ್ದರೆ ಯಾರೋ ಗೊತ್ತಿಲ್ಲದವರು ಒಳಗೆ ಕೈಹಾಕಿದ್ದಾರೆ ಎಂದೇ ಅರ್ಥ. ನಾನಾದರೆ ಅಲ್ಲಿಗೇ ಬಿಡುತ್ತೇನೆ. ಗುರಿ ನೋಡುವ ಹಿಂದಿನ ಸೈಟ್‌ನ ಗುಂಡಿಯನ್ನು ಎರಡೂ ಕಡೆ ತಿರುಗಿಸಿ, ಪ್ರತಿ ಕ್ಲಿಕ್ ಬೆರಳಿಗೆ ಗೊತ್ತಾಗಬೇಕು.

65 ಮಾದರಿ ಬಂದದ್ದು 1965ರಲ್ಲಿ, ಜರ್ಮನಿಯಿಂದ. ಹೊಡೆದಾಗ ನಳಿಕೆ, ಸಿಲಿಂಡರ್ ಎರಡೂ ಸೇರಿ ಹಳಿ ಮೇಲೆ ಜಾರುತ್ತವೆ, ಹಿಡಿ ಅಲ್ಲಾಡುವುದಿಲ್ಲ. ಆ ಹಳಿಗೆ ಹಳೇ ಗ್ರೀಸ್ ಅಂಟಿದ್ದರೆ ಆ ಸುಖ ಸಿಗೋದಿಲ್ಲ. ಒರೆಸಿ, ತೆಳ್ಳಗೆ ಹೊಸದು ಹಚ್ಚಿದರೆ ಸಾಕು. ಪೆಲೆಟ್ ಹಾಕುವಾಗ, ಸ್ಪ್ರಿಂಗ್ ಎಳೆಯುವ ಪಕ್ಕದ ಲಿವರ್ ಅನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ. ಅದೇನಾದರೂ ಜಾರಿದರೆ ಬೆರಳು ಹೋಯಿತು.

ಸಿಲಿಂಡರ್ ಬಿಚ್ಚುವ ಕೆಲಸಕ್ಕೆ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ, ಬೇಕೇ ಬೇಕು. ಒಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ. ಕಂಪ್ರೆಸರ್ ಇಲ್ಲದಿದ್ದರೆ ಕೆಲಸ ಬಲ್ಲವರಿಗೆ ಕೊಟ್ಟುಬಿಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ನೀವೇ ಮಾಡುವುದಾದರೆ ಹಳೇ ಸೀಲ್‌ನ ಚೂರುಗಳನ್ನು ಒಂದೂ ಬಿಡದೆ ತೆಗೆಯಿರಿ. ನಾನು ಅವಸರಪಟ್ಟು ಗಾಳಿ ಹೋಗುವ ಸಣ್ಣ ತೂತಿನಲ್ಲಿ ಒಂದು ಚೂರು ಬಿಟ್ಟಿದ್ದೆ, ಮತ್ತೆ ಪೂರ್ತಿ ಬಿಚ್ಚಬೇಕಾಯಿತು. ಪಿಸ್ಟನ್ ಮುಂದೆ ಸಿಕ್ಕಸಿಕ್ಕ ಎಣ್ಣೆ ಬಿಡಬೇಡಿ. ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಹೊಸ ಸೀಲ್ ಸುಡುತ್ತದೆ. ಟ್ರಿಗರ್‌ನ ಒಳಗಿನ ಅಂಚುಗಳಿಗೆ ಅರ ಮುಟ್ಟಿಸಲೇಬೇಡಿ. ಹಗುರ ಮಾಡಿ ಏನು ಲಾಭ? 10 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಎಳೆಯಲು ಬೇಕಾಗುವ ಭಾರ 500 ಗ್ರಾಂಗಿಂತ ಕಡಿಮೆ ಇರುವ ಹಾಗಿಲ್ಲ.

ಜೋಡಿಸಿದ ಮೇಲೆ ಪೆಲೆಟ್ ಹಾಕಿ, ನಳಿಕೆಯ ಹಿಂಭಾಗ ಸೇರುವ ಜಾಗದ ಮೇಲೆ ಟಿಶ್ಯೂ ಕಾಗದದ ಸಣ್ಣ ಪಟ್ಟಿ ಇಟ್ಟು, ಗುರಿಯ ಕಡೆಗೇ ಹೊಡೆಯಿರಿ. ಪಟ್ಟಿ ಹಾರಿದರೆ ಅಲ್ಲಿಯ ಸೀಲ್ ಕೂಡ ಬದಲಿಸಬೇಕು. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ಪಿಸ್ಟನ್ ಹೋಗಿ ಕೊನೆಗೆ ಗುದ್ದುತ್ತದೆ, ಅದು ಬೇಡ.

ಮೇಲಿನ ತುಕ್ಕಿಗೆ ಎಣ್ಣೆ ಮತ್ತು ಅತಿ ನುಣುಪಾದ ಸ್ಟೀಲ್ ವೂಲ್ ಸಾಕು. ಮರದ ಹಿಡಿಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ನನ್ನ ಪಿಸ್ತೂಲಿನ ಹಿಡಿಯಲ್ಲಿ ಹಿಂದಿನವರು ತಮ್ಮ ಹೆಬ್ಬೆರಳಿಗೆಂದು ಅರದಿಂದ ಉಜ್ಜಿದ ತಗ್ಗು ಇತ್ತು. ತುಂಬಿಸೋಣ ಎಂದು ಪುಟ್ಟಿ ಕಲಸಿಟ್ಟೆ. ಹಚ್ಚುವ ಮುಂಚೆ ಒಮ್ಮೆ ಹಿಡಿದು ನೋಡಿದೆ. ನನ್ನ ಹೆಬ್ಬೆರಳೂ ಅಲ್ಲೇ ಸರಿಯಾಗಿ ಕೂತಿತು. ಪುಟ್ಟಿ ಡಬ್ಬಿಯಲ್ಲೇ ಒಣಗಿತು.