ಮೋಟೋಕ್ರಾಸ್‌ನಲ್ಲಿ ಬಾಳಿಕೆ ಬರೋದು ಹೇಗೆ: ಒಬ್ಬ ಮೆಕ್ಯಾನಿಕ್ ಕಂಡಂತೆ

ಮೋಟೋಕ್ರಾಸ್ ಅಂದರೆ ಉಬ್ಬು, ತಿರುವು, ಜಂಪ್ ಇರುವ ಮಣ್ಣಿನ ಟ್ರ್ಯಾಕ್‌ನಲ್ಲಿ ನಡೆಯುವ ಬೈಕ್ ರೇಸ್. ಮೊದಲು ಒಂದು ಲೆಕ್ಕ. ವಿಶ್ವ ಮೋಟೋಕ್ರಾಸ್ ಚಾಂಪಿಯನ್‌ಶಿಪ್‌ನಲ್ಲಿ ಒಂದು ರೇಸ್ ಗೆದ್ದವರಿಗೆ 25 ಅಂಕ. ಎರಡನೆಯವರಿಗೆ 22, ಮೂರನೆಯವರಿಗೆ 20, ನಾಲ್ಕನೆಯವರಿಗೆ 18. ಹೀಗೇ ಇಳಿಯುತ್ತಾ 20ನೇ ಸ್ಥಾನಕ್ಕೆ 1. ಮುಖ್ಯ ದಿನ ಎರಡು ರೇಸ್ ಇರುತ್ತವೆ. ಒಬ್ಬ ಮೊದಲನೆಯದನ್ನು ಗೆದ್ದು, ಎರಡನೆಯದರಲ್ಲಿ ಬಿದ್ದು ಹೊರಗೆ ಬಂದ ಅನ್ನಿ. ಅವನಿಗೆ 25. ಇನ್ನೊಬ್ಬ ಎರಡರಲ್ಲೂ ನಾಲ್ಕನೆಯವನಾಗಿ ಬಂದ. ಅವನಿಗೆ 36.

ನಾನು ವರ್ಷಗಟ್ಟಲೆ ರೇಸ್ ಮೆಕ್ಯಾನಿಕ್ ಆಗಿ ದುಡಿದವನು. ಬೈಕ್ ತೊಳೆದು, ಬಿಚ್ಚಿ, ಜೋಡಿಸಿ, ಟ್ರ್ಯಾಕ್ ಪಕ್ಕದಲ್ಲಿ ಪಿಟ್ ಬೋರ್ಡ್ (ರೈಡರ್‌ಗೆ ಸೂಚನೆ ಬರೆದು ತೋರಿಸುವ ಹಲಗೆ) ಹಿಡಿದು ನಿಂತವನು. ಭಾರಿ ವೇಗದ ಹುಡುಗರು ಬಂದಷ್ಟೇ ಬೇಗ ಕಾಣೆಯಾಗಿದ್ದನ್ನು ನೋಡಿದ್ದೇನೆ. ಅಷ್ಟೇನೂ ಸದ್ದು ಮಾಡದವರು ಸೀಸನ್ ಮೇಲೆ ಸೀಸನ್ ದುಡಿದು ಮನೆ ನಡೆಸಿದ್ದನ್ನೂ ನೋಡಿದ್ದೇನೆ. ಈ ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅಂತಿರುವವರಿಗೆ ನಾನು ಹೇಳೋದು ಇದು: ನಿಮ್ಮ ಅತಿ ವೇಗದ ಒಂದು ಲ್ಯಾಪ್ ಅಲ್ಲ, ಗಟ್ಟಿ ಮೈಯಲ್ಲಿ ಎಷ್ಟು ಸಲ ಗೇಟ್ (ರೇಸ್ ಶುರುವಾಗುವಾಗ ಕೆಳಗೆ ಬೀಳುವ ಅಡ್ಡಪಟ್ಟಿ) ಹಿಂದೆ ಬಂದು ನಿಲ್ಲುತ್ತೀರಿ ಅನ್ನೋದರ ಮೇಲೆ ವೃತ್ತಿ ನಿಂತಿದೆ. ಮುಂದೆ ಹೇಳೋದೆಲ್ಲ ಅದಕ್ಕಾಗಿಯೇ.

ಸಿಸಿ ಏರಿಸೋಕೆ ಅವಸರ ಬೇಡ

ಮಕ್ಕಳು 50 ಸಿಸಿಯಲ್ಲಿ ಶುರು ಮಾಡಿ 65, 85, ಆಮೇಲೆ 125 ಟೂ ಸ್ಟ್ರೋಕ್ ಹತ್ತುತ್ತಾರೆ. ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ ಇರೋದು 65, 85, 125ರಲ್ಲಿ. ಯುರೋಪ್‌ನಲ್ಲಿ ಅಲ್ಲಿಂದ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಇಎಂಎಕ್ಸ್125, ಇಎಂಎಕ್ಸ್250 ವಿಭಾಗ, ಆಮೇಲೆ ವಿಶ್ವಮಟ್ಟದ ಎಂಎಕ್ಸ್2. ಎಂಎಕ್ಸ್2ನಲ್ಲಿ 250 ಸಿಸಿ ಫೋರ್ ಸ್ಟ್ರೋಕ್ ಓಡುತ್ತೆ, ವಯಸ್ಸಿನ ಮಿತಿಯೂ ಇದೆ. ಅದು ದಾಟಿದರೆ 450 ಸಿಸಿಯ ಎಂಎಕ್ಸ್‌ಜಿಪಿ, ಅದೇ ಅತಿ ಮೇಲಿನ ವಿಭಾಗ. ಅಮೆರಿಕದಲ್ಲಿ ದಾರಿ ಸ್ವಲ್ಪ ಬೇರೆ. ಟೆನೆಸಿಯ ಲೊರೆಟಾ ಲಿನ್ಸ್ ರಾಂಚ್‌ನಲ್ಲಿ 1982ರಿಂದ ನಡೆಯುತ್ತಿರುವ ಅಮೆಚೂರ್ ರಾಷ್ಟ್ರೀಯ ಕೂಟದಲ್ಲೇ ಟೀಮ್‌ಗಳು ಹುಡುಗರನ್ನು ಹುಡುಕುತ್ತವೆ.

125 ಟೂ ಸ್ಟ್ರೋಕ್ ಮೇಲೆ ಸಾಕಷ್ಟು ಕಾಲ ಕಳೆಯಿರಿ ಅಂತ ನಾನು ಯಾವಾಗಲೂ ಹಠ ಹಿಡಿಯುತ್ತೇನೆ. ಆ ಎಂಜಿನ್‌ಗೆ ಕೆಳಗಿನ ಆರ್‌ಪಿಎಂನಲ್ಲಿ ಜೀವ ಇಲ್ಲ. ತಿರುವಿನಲ್ಲಿ ವೇಗ ಕಳೆದುಕೊಂಡರೆ ಎದ್ದು ಬರೋಕೆ ಸಮಯ ತಗೊಳ್ಳುತ್ತೆ. ಹಾಗಾಗಿ ಸರಿಯಾದ ಗೆರೆ ಹಿಡಿಯೋದು, ವೇಗ ಉಳಿಸಿಕೊಳ್ಳೋದು, ಕ್ಲಚ್ ಬಳಸೋದು ತಾನಾಗೇ ಬರುತ್ತೆ. 450ಯಲ್ಲಿ ಥ್ರಾಟಲ್ ತಿರುಗಿಸಿದರೆ ತಪ್ಪು ಮುಚ್ಚಿಹೋಗುತ್ತೆ. ಆದರೆ ಪೆಟ್ರೋಲ್ ಸೇರಿ ಸುಮಾರು 110 ಕೆಜಿ ತೂಗುವ ಆ ಬೈಕ್ ಒಂದಲ್ಲ ಒಂದು ದಿನ ಆ ತಪ್ಪಿಗೆ ಬೆಲೆ ಕೇಳುತ್ತೆ.

ಗೇಟ್ ಬೀಳುವ ಮೊದಲು

ತರಬೇತಿಯ ಸಮಯದಲ್ಲಿ ಒಂದೇ ಒಂದಕ್ಕೆ ಜಾಸ್ತಿ ಗಮನ ಕೊಡಿ ಅಂದರೆ ನಾನು ಸ್ಟಾರ್ಟ್ ಅನ್ನುತ್ತೇನೆ. ಸುಮಾರು 40 ಬೈಕ್ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಎಲ್ಲರಿಗೂ ಬೇಕಾಗಿರೋದು ಒಂದೇ ತಿರುವು. ಮುಂದೆ ಹೋದವರಿಗೆ ಶುದ್ಧ ಗಾಳಿ, ಖಾಲಿ ಟ್ರ್ಯಾಕ್. ಹಿಂದೆ ಉಳಿದವರ ಮುಖಕ್ಕೆ ಮುಂದಿನ ಚಕ್ರಗಳು ಎರಚುವ ಮಣ್ಣು, ಕಲ್ಲು. ಬೀಳುವವರೂ ಅಲ್ಲೇ ಜಾಸ್ತಿ. ಒಳ್ಳೆಯ ಸ್ಟಾರ್ಟ್ ವೇಗಕ್ಕಷ್ಟೇ ಅಲ್ಲ, ಮೂಳೆ ಉಳಿಸಿಕೊಳ್ಳೋಕೂ ಬೇಕು.

ಗೇಟ್ ಆರಿಸುವ ಅವಕಾಶ ಕ್ವಾಲಿಫೈಯಿಂಗ್‌ನಲ್ಲಿ ಮುಂದಿದ್ದವರಿಗೆ ಮೊದಲು ಸಿಗುತ್ತೆ. ನಿಮ್ಮ ಸರದಿ ಬಂದಾಗ ಗೇಟ್ ಹಿಂದೆ ನಿಂತು ಮೊದಲ ತಿರುವಿಗೆ ಕಣ್ಣಲ್ಲೇ ಗೆರೆ ಎಳೆಯಿರಿ. ಹಿಂದಿನ ರೇಸಿನವರ ಚಕ್ರ ಕೊರೆದ ಜಾಡು ನೇರವಾಗಿದೆಯಾ, ಓರೆಯಾಗಿದೆಯಾ ನೋಡಿ. ಓರೆ ಇದ್ದರೆ, ತಿರುವಿನ ಒಳಬದಿಗೆ ಹತ್ತಿರದ ಗೇಟ್ ಅಂತ ಆಸೆ ಪಡಬೇಡಿ. ಆಮೇಲೆ ಮಣ್ಣಿನ ಕೆಲಸ. ಸಡಿಲ ಮಣ್ಣನ್ನು ಬೂಟಿನಿಂದ ಬದಿಗೆ ತಳ್ಳಿ. ಕೆಳಗಿನ ತೇವದ ಗಟ್ಟಿ ಪದರ ಸಿಗುವವರೆಗೂ ಬಿಡಬೇಡಿ. ಹಿಂದಿನ ಚಕ್ರ ಕೂರುವ ಜಾಗದಿಂದ ಗೇಟಿನವರೆಗೆ ಒಂದೇ ಸಮ ತುಳಿದು ತುಳಿದು ಗಟ್ಟಿ ಮಾಡಿ. ಚಿಕ್ಕ ಗುಳಿ ಉಳಿದರೂ ಚಕ್ರ ಅಲ್ಲಿ ಒಮ್ಮೆ ಸುಮ್ನೆ ತಿರುಗುತ್ತೆ. ಪಕ್ಕದವರು ಅರ್ಧ ಬೈಕ್ ಮುಂದೆ ಹೋಗೋಕೆ ಅಷ್ಟು ಸಾಕು.

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 15 ಸೆಕೆಂಡ್ ಬೋರ್ಡ್ ತೋರಿಸುತ್ತಾರೆ, ಆಮೇಲೆ 5 ಸೆಕೆಂಡ್ ಬೋರ್ಡ್. ಅದಾಗಿ 5ರಿಂದ 10 ಸೆಕೆಂಡ್ ಒಳಗೆ ಯಾವಾಗ ಬೇಕಾದರೂ ಗೇಟ್ ಬೀಳುತ್ತೆ. ಬೋರ್ಡ್ ಹಿಡಿದವರನ್ನು ಮರೆತುಬಿಡಿ. ನಿಮ್ಮ ಮುಂದಿನ ಗೇಟನ್ನು ಮಾತ್ರ ನೋಡಿ, ಅದು ಅಲುಗಿದ ಕ್ಷಣವೇ ನಿಮ್ಮ ಸಿಗ್ನಲ್. ಸೀಟಿನ ಮುಂಭಾಗದಲ್ಲಿ ಕೂತು, ಮೊಣಕೈ ಎತ್ತಿ, ತಲೆ ಹ್ಯಾಂಡಲ್ ಬಾರ್ ಮೇಲೆ ಬರುವಷ್ಟು ಮುಂದೆ ಬಾಗಿ. ಥ್ರಾಟಲ್ ಒಂದೇ ಮಟ್ಟದಲ್ಲಿರಲಿ. ಕ್ಲಚ್ ಹಿಡಿಯುವ ಜಾಗ ಬೆರಳಿಗೆ ಗೊತ್ತಿರಲಿ. ಪೂರ್ತಿ ಬಿಟ್ಟರೆ ಮುಂದಿನ ಚಕ್ರ ಎದ್ದು ನಿಲ್ಲುತ್ತೆ, ತಡೆದು ತಡೆದು ಬಿಟ್ಟರೆ ಬೈಕ್ ಮುಂದಕ್ಕೆ ಚಿಮ್ಮುತ್ತೆ. ಹಿಂದೆ ಬೀಳುವ ಎರಡು ಮೂರು ಮೀಟರ್ ಆಮೇಲೆ ಅರ್ಧ ರೇಸ್ ಆದರೂ ವಾಪಸ್ ಸಿಗಲ್ಲ.

ಬೈಕ್ ಹೇಳುವ ಸತ್ಯ

ರೇಸ್ ಮುಗಿದ ಬೈಕ್ ತೊಳೆಯುವಾಗ ರೈಡರ್ ಹೇಗೆ ಓಡಿಸಿದ ಅಂತ ನನಗೆ ಗೊತ್ತಾಗಿಬಿಡುತ್ತೆ. ಮೊಣಕಾಲು ತಾಗುವ ಕಡೆ ಬೈಕ್ ಪಕ್ಕದ ಸ್ಟಿಕರ್ ಸವೆದಿರಬೇಕು. ಹೊಸದರಂತೆ ಹೊಳೆಯುತ್ತಿದ್ದರೆ ಆ ರೈಡರ್ ಕಾಲಿನಲ್ಲಿ ಬೈಕ್ ಹಿಡಿಯುತ್ತಿಲ್ಲ, ಕೈಯಲ್ಲಿ ನೇತಾಡುತ್ತಿದ್ದಾನೆ. ಅವನೇ ಆಮೇಲೆ ಬಂದು ಮುಂದೋಳು ಕಲ್ಲಿನಂತಾಗಿದೆ, ಬ್ರೇಕ್ ಒತ್ತೋಕೆ ಬೆರಳು ಬರ್ತಿಲ್ಲ ಅನ್ನೋದು. ಆರ್ಮ್ ಪಂಪ್ ಅಂತ ಕರೆಯುವ ತೊಂದರೆ ಅದು. ಹಿಡಿತ ಬಿಗಿಯಾದಷ್ಟೂ ಮುಂದೋಳಿನ ಸ್ನಾಯು ಊದಿಕೊಂಡು ರಕ್ತ ಹರಿಯೋದು ಕಷ್ಟವಾಗುತ್ತೆ. ಬೇರೆ ಬೇರೆ ಗ್ರಿಪ್ ಕೊಳ್ಳೋ ಮೊದಲು ಮೊಣಕಾಲಿನ ಹಿಡಿತ ಸರಿಮಾಡಿಕೊಳ್ಳಿ. ಕ್ಲಚ್ ಪ್ಲೇಟ್ ನೀಲಿ ತಿರುಗಿದ್ದರೆ ತಿರುವಿನಲ್ಲಿ ತಪ್ಪು ಗೇರ್ ಹಾಕಿ ಕ್ಲಚ್‌ನಲ್ಲಿ ಎಳೆದಿದ್ದಾನೆ ಅಂತ ಅರ್ಥ.

ಸ್ವಂತ ಬೈಕ್ ನೀವೇ ಬಿಚ್ಚೋದು ಕಲಿಯಿರಿ. ಏರ್ ಫಿಲ್ಟರ್ ಪ್ರತಿ ಸಲ ಓಡಿಸಿದ ಮೇಲೂ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಒಳಗೆ ಧೂಳು ಹೋದರೆ ಎಂಜಿನ್ ಸತ್ತಂತೆ. ಎಂಜಿನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಅವರ್ ಮೀಟರ್ ಹಾಕಿಸಿ, ಪಿಸ್ಟನ್ ಎಷ್ಟು ಗಂಟೆಗೆ ಬದಲಾಯಿಸಿದಿರಿ ಅಂತ ಬರೆದಿಡಿ. ಹಿಂದಿನ ಸಸ್ಪೆನ್ಷನ್ ಸ್ಯಾಗ್ (ನಿಮ್ಮ ತೂಕಕ್ಕೆ ಅದು ಎಷ್ಟು ಕುಗ್ಗುತ್ತೆ ಅನ್ನೋದು) ನೋಡಿ: ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ ಆಕ್ಸಲ್‌ನಿಂದ ಹಿಂದಿನ ಫೆಂಡರ್‌ವರೆಗೆ ಅಳೆಯಿರಿ. ಕೆಳಗಿಳಿಸಿ, ಪೂರ್ತಿ ಗೇರ್ ತೊಟ್ಟು ಹತ್ತಿ ಮತ್ತೆ ಅಳೆಸಿ. ದೊಡ್ಡ ಬೈಕುಗಳಲ್ಲಿ ವ್ಯತ್ಯಾಸ 100ರಿಂದ 105 ಮಿಲಿಮೀಟರ್ ಆಸುಪಾಸು ಇರಲಿ. ಇದು ತಪ್ಪಿದ್ದರೆ ಸಸ್ಪೆನ್ಷನ್ ಹೊಂದಿಸುವ ಕ್ಲಿಕ್ಕರ್ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ. ಟೀಮ್ ಸೇರಿದ ಮೇಲೂ ಇದು ಕೆಲಸಕ್ಕೆ ಬರುತ್ತೆ. "ಬೈಕ್ ಸರಿ ಇಲ್ಲ" ಅನ್ನುವ ರೈಡರ್‌ಗೆ ನಾನು ಏನು ಮಾಡಲಿ? "ತಿರುವಿಗೆ ಹೋಗುವಾಗ ಮುಂಭಾಗ ಜಾರುತ್ತೆ, ಥ್ರಾಟಲ್ ಕೊಟ್ಟ ಮೇಲೆ ಸರಿಹೋಗುತ್ತೆ" ಅಂದರೆ ಸ್ಪ್ಯಾನರ್ ಎಲ್ಲಿ ಹಾಕಬೇಕು ಅಂತ ತಕ್ಷಣ ಗೊತ್ತಾಗುತ್ತೆ.

ಮೈ

ಒಂದು ರೇಸ್ ಅಂದರೆ 30 ನಿಮಿಷ ಮತ್ತು ಎರಡು ಲ್ಯಾಪ್. ಅಷ್ಟು ಹೊತ್ತೂ ಹೃದಯ ತನ್ನ ಮಿತಿಯ ಹತ್ತಿರವೇ ಬಡಿಯುತ್ತೆ. ಕೆಲವು ಗಂಟೆಗಳಲ್ಲಿ ಮತ್ತೆ ಅದೇ. ಸೈಕ್ಲಿಂಗ್, ರೋಯಿಂಗ್, ಓಟ ಎಲ್ಲ ಬೇಕು. ಆದರೆ ಅಭ್ಯಾಸದಲ್ಲಿ ನಾಲ್ಕು ಬಿರುಸಿನ ಲ್ಯಾಪ್ ಹಾಕಿ ನೆರಳಿಗೆ ಬರುವವರು ಎರಡನೇ ರೇಸಿನ 20ನೇ ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. ವಾರದಲ್ಲಿ ಕೆಲವು ಸಲವಾದರೂ ಪೂರ್ತಿ 30 ನಿಮಿಷ ಓಡಿಸಿ, ಟ್ರ್ಯಾಕ್ ಕೆಟ್ಟು ಜಾಡು ಬಿದ್ದ ಮೇಲೇ ಓಡಿಸಿ. ಬೆಲ್ಜಿಯಂನ ರೈಡರ್ ಸ್ಟೆಫಾನ್ ಎವರ್ಟ್ಸ್ ಓಡಿಸಿದ್ದನ್ನು ಹುಡುಕಿ ನೋಡಿ. ಹೆಚ್ಚು ಹೊತ್ತು ನಿಂತೇ, ಮೇಲಿನ ಗೇರಿನಲ್ಲಿ, ಎಂಜಿನ್ ಕಿರುಚದಂತೆ ಓಡಿಸುತ್ತಿದ್ದರು. 1991ರಿಂದ 2006ರ ತನಕ 10 ವಿಶ್ವ ಪ್ರಶಸ್ತಿ ಗೆದ್ದರು, ನಿಲ್ಲಿಸಿದಾಗಲೂ ಚಾಂಪಿಯನ್ನೇ. ಶಕ್ತಿ ಉಳಿಸಿಕೊಂಡು ಓಡಿಸಿದರೆ ಎಷ್ಟು ದೂರ ಹೋಗಬಹುದು ಅಂತ ಅಲ್ಲಿ ಕಾಣುತ್ತೆ.

ಏಟು ಬೀಳುತ್ತೆ. ಕಾಲರ್ ಬೋನ್, ಮಣಿಕಟ್ಟು, ಮೊಣಕಾಲಿನ ಲಿಗಮೆಂಟ್, ಇವೇ ಹೆಚ್ಚು. ಮೂಳೆ ಕೂಡುತ್ತೆ. ತಲೆಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಬಿದ್ದು ಎದ್ದವರಿಗೆ ತಲೆ ಸುತ್ತಿದರೆ, ಯಾವ ಲ್ಯಾಪ್ ಅಂತ ಮರೆತಿದ್ದರೆ, ಬೆಳಕು ಚುಚ್ಚಿದರೆ ಅವತ್ತಿಗೆ ಬೈಕ್ ವ್ಯಾನ್ ಒಳಗೆ. ಮತ್ತೆ ಹತ್ತೋದು ಡಾಕ್ಟರ್ ಹೇಳಿದ ಮೇಲೆಯೇ. ಏಟು ತಿಂದ ಹೆಲ್ಮೆಟ್ ಹೊರಗಿಂದ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಹಳದಿ ಬಾವುಟ ಬೀಸುತ್ತಿದ್ದರೆ ವೇಗ ಇಳಿಸಿ, ಜಂಪ್ ಹಾರಬೇಡಿ, ಯಾರನ್ನೂ ದಾಟಬೇಡಿ. ಆ ಜಂಪಿನ ಆಚೆ ಯಾರೋ ಮಲಗಿರುತ್ತಾರೆ. ನಾಳೆ ಅಲ್ಲಿ ನೀವೂ ಇರಬಹುದು ಅಲ್ವಾ?

ರೇಸ್ ಇಲ್ಲದ ದಿನದ ಬಗ್ಗೆಯೂ ಹುಷಾರು. 2014ರಲ್ಲಿ ಎಂಎಕ್ಸ್2 ಪ್ರಶಸ್ತಿ ಡಚ್ ರೈಡರ್ ಜೆಫ್ರಿ ಹೆರ್ಲಿಂಗ್ಸ್ ಕೈಯಲ್ಲೇ ಇದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಅಷ್ಟು ಮುಂದಿದ್ದರು. ಸಹಾಯಾರ್ಥ ರೇಸೊಂದರಲ್ಲಿ ತೊಡೆ ಮೂಳೆ ಮುರಿಯಿತು. ಕೊನೆಯ ಸುತ್ತಿಗೆ ಹೇಗೋ ವಾಪಸ್ ಬಂದರು. ಪ್ರಶಸ್ತಿ ಜೋರ್ಡಿ ಟಿಕ್ಸಿಯರ್ ಪಾಲಾಯಿತು, ಅಂತರ ಬರೀ 4 ಅಂಕ.

ದುಡ್ಡು

ಫ್ಯಾಕ್ಟರಿ ಟೀಮ್‌ನಲ್ಲಿ ಸಂಬಳ, ಬೈಕ್, ಮೆಕ್ಯಾನಿಕ್ ಎಲ್ಲ ಕಂಪನಿಯದೇ. ಆ ಸೀಟುಗಳು ತೀರಾ ಕಡಿಮೆ. ಅದರ ಕೆಳಗೆ ಸ್ಯಾಟಲೈಟ್ ಟೀಮ್‌ಗಳು, ಅಂದರೆ ಕಂಪನಿಯ ಬೆಂಬಲ ಸ್ವಲ್ಪ ಇರುವ ಬೇರೆಯವರ ಟೀಮ್‌ಗಳು. ಉಳಿದವರು ಪ್ರೈವೇಟಿಯರ್: ವ್ಯಾನ್ ಓಡಿಸೋದು, ಬೈಕ್ ತೊಳೆಯೋದು, ಪ್ರಾಯೋಜಕರಿಗೆ ಬರೆಯೋದು ಎಲ್ಲ ತಾವೇ. ಹೆಚ್ಚಿನವರ ದಾರಿ ಶುರುವಾಗೋದು ಇಲ್ಲೇ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪ್ರಾಯೋಜಕರಿಗೆ ಪ್ರತಿ ರೇಸ್ ಆದ ಮೇಲೆ ಅರ್ಧ ಪುಟ ಬರೆದು ಕಳಿಸಿ, ಸೋತ ವಾರ ಕೂಡ. ಗೆದ್ದಾಗ ಮಾತ್ರ ನೆನಪಾಗುವ ರೈಡರ್‌ಗೆ ಮುಂದಿನ ವರ್ಷ ಟೈರ್ ಬರಲ್ಲ.

ಒಪ್ಪಂದ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಒಂದು ಸಾಲು ಹುಡುಕಿ: ಗಾಯವಾಗಿ ರೇಸ್ ತಪ್ಪಿದರೆ ಸಂಬಳ ಏನಾಗುತ್ತೆ? ಕೆಲವು ಒಪ್ಪಂದಗಳಲ್ಲಿ ಅದು ಕಡಿತವಾಗುತ್ತೆ. ಪ್ರಯಾಣ, ಆಸ್ಪತ್ರೆ, ಅಭ್ಯಾಸದ ಬೈಕಿನ ಬಿಡಿಭಾಗ ಯಾರ ಖರ್ಚು ಅಂತ ಬರವಣಿಗೆಯಲ್ಲಿರಲಿ. ಮೋಟಾರ್ ರೇಸಿಂಗ್‌ಗೆ ಅನ್ವಯಿಸುವ ವಿಮೆ ಪ್ರತ್ಯೇಕವಾಗಿ ಮಾಡಿಸಿ. ಸಾಮಾನ್ಯ ಪಾಲಿಸಿಗಳು ಬಹಳಷ್ಟು ಸಲ ರೇಸನ್ನು ಹೊರಗಿಡುತ್ತವೆ.

ಉಳಿತಾಯ ಮೊದಲ ಸಂಬಳದಿಂದಲೇ ಶುರುವಾಗಲಿ. ಇಟಲಿಯ ವಿಶ್ವ ಚಾಂಪಿಯನ್ ಆಂಟೋನಿಯೊ ಕೈರೋಲಿ 36ರ ವಯಸ್ಸಿನ ತನಕ ಪೂರ್ಣಾವಧಿ ಓಡಿಸಿದರು, ಆದರೆ ಅಂಥವರು ವಿರಳ. ಅಮೆರಿಕದ ಚಾಂಪಿಯನ್‌ಗಳಾದ ರಯಾನ್ ವಿಲ್ಲೊಪೊಟೊ 2015ರಲ್ಲಿ ನಿಲ್ಲಿಸಿದಾಗ 26, ರಯಾನ್ ಡಂಜಿ 2017ರಲ್ಲಿ 27. ಓಡಿಸುತ್ತಿರುವಾಗಲೇ ಸಸ್ಪೆನ್ಷನ್ ಕೆಲಸವೋ ತರಬೇತಿ ಕೊಡೋದೋ ಒಂದನ್ನು ಕಲಿತಿಡಿ. ಮುಂದಿನ ವರ್ಷದ ಮಾತುಕತೆಯನ್ನು ಟೀಮ್‌ಗಳು ಸೀಸನ್ ಮುಗಿಯುವ ಮೊದಲೇ ಶುರು ಮಾಡುತ್ತವೆ. ಆ ಹೊತ್ತಿಗೆ ನಿಮ್ಮ ಅಷ್ಟೂ ರೇಸುಗಳ ಫಲಿತಾಂಶ ಒಂದೇ ಹಾಳೆಯಲ್ಲಿ ಬರೆದು ರೆಡಿ ಇಟ್ಟುಕೊಳ್ಳಿ. ಎಷ್ಟು ರೇಸ್ ಶುರು ಮಾಡಿದಿರಿ, ಎಷ್ಟು ಮುಗಿಸಿದಿರಿ ಅನ್ನೋದನ್ನು ಮೊದಲ ಸಾಲಿನಲ್ಲೇ ಹಾಕಿ.