ಇತಿಹಾಸ ವಿಭಾಗಕ್ಕೂ ಅನುದಾನ ಸಿಗುತ್ತದೆ: ಕೇಳುವುದು ಹೇಗೆ, ಲೆಕ್ಕ ಕೊಡುವುದು ಹೇಗೆ

“ನಮ್ಮ ವಿಭಾಗಕ್ಕೆ ದುಡ್ಡು ಯಾರು ಕೊಡ್ತಾರೆ ಸಾರ್?” ಮಲೆನಾಡಿನ ಯಾವ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೂ ಇತಿಹಾಸ, ರಾಜ್ಯಶಾಸ್ತ್ರದ ಮೇಷ್ಟ್ರುಗಳ ಬಾಯಲ್ಲಿ ಈ ಮಾತು ಇದ್ದದ್ದೇ. ಕೆಮಿಸ್ಟ್ರಿಗೆ ಲ್ಯಾಬ್ ಇದೆ, ಲ್ಯಾಬಿಗೊಂದು ಬಜೆಟ್ ಇದೆ. ಇತಿಹಾಸಕ್ಕೆ ಒಂದು ಬೀರು, ಎರಡು ಹಳೇ ಭೂಪಟ. ಆದರೂ ಈ ವಿಷಯಗಳಿಗೆ ಸರ್ಕಾರದ ದುಡ್ಡು ಇಲ್ಲವೇ ಇಲ್ಲ ಅನ್ನುವುದು ಸರಿಯಲ್ಲ. ಇದೆ. ದೊಡ್ಡ ಮೊತ್ತವಲ್ಲ, ಒಂದೇ ಕಡೆ ಸಿಗುವುದೂ ಇಲ್ಲ. ಎಲ್ಲಿ ಕೇಳಬೇಕು, ಏನು ಬರೆಯಬೇಕು, ಬಂದ ಮೇಲೆ ಲೆಕ್ಕ ಹೇಗಿಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಇದು ಅಧ್ಯಾಪಕರಿಗೆ ಬರೆದದ್ದು. ವಿದ್ಯಾರ್ಥಿಗಳೂ ಓದಿ, ಅರ್ಧ ಕೆಲಸ ನಿಮ್ಮ ತಲೆ ಮೇಲೇ ಬೀಳುವುದು.

ಹೆಜ್ಜೆ 1: ಮೊದಲು ಪ್ರಶ್ನೆ, ಆಮೇಲೆ ಬ್ಯಾನರ್

ಅನುದಾನಕ್ಕೆ ಅರ್ಜಿ ಕರೆಯುವ ಸುತ್ತೋಲೆ ಬಂದ ಮೇಲೆ ವಿಷಯ ಹುಡುಕಲು ಕೂತರೆ “ಭಾರತದ ಇತಿಹಾಸ: ವಿವಿಧ ಆಯಾಮಗಳು” ಅನ್ನೋ ಥರದ ಶೀರ್ಷಿಕೆ ಹುಟ್ಟುತ್ತದೆ. ಅರ್ಜಿ ಓದುವ ಸಮಿತಿಗೆ ಅದು ಶಿವಮೊಗ್ಗದವರು ಕಳಿಸಿದ್ದೋ ಇನ್ನೆಲ್ಲಿಯವರದ್ದೋ ಗೊತ್ತಾಗುವುದಿಲ್ಲ. ಪಕ್ಕಕ್ಕಿಡುತ್ತಾರೆ, ಅಷ್ಟೇ.

ನಮ್ಮ ಕಡೆ ವಿಷಯಕ್ಕೇನು ಬರವೇ? 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಮರುವರ್ಷ ಆ ಊರಿನ ಐವರನ್ನು ಗಲ್ಲಿಗೇರಿಸಿದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಇನ್ನು ಹಳೇ ಶಾಸನ, ದೇವಾಲಯಗಳ ತಾಳಗುಂದ, ಬಳ್ಳಿಗಾವಿ, ಕೆಳದಿ, ಇಕ್ಕೇರಿ ಹೇಗೂ ಇವೆ.

ಆದರೆ ವಿಷಯ ಇದ್ದರೆ ಸಾಲದು, ಪ್ರಶ್ನೆ ಬೇಕು. ಕಾಗೋಡನ್ನೇ ತೆಗೆದುಕೊಳ್ಳಿ. ಅಲ್ಲಿನ ಜಗಳದ ನಡುವೆ ಇದ್ದದ್ದು ಕೊಳಗ, ಅಂದರೆ ಗೇಣಿ ಭತ್ತ ಅಳೆಯುವ ಪಾತ್ರೆ. ಧಣಿಗಳ ಕೊಳಗ ದೊಡ್ಡದು, ಅಳತೆಯಲ್ಲೇ ನಮಗೆ ಮೋಸ ಎಂಬುದು ಗೇಣಿದಾರರ ದೂರು. ಹಾಗಾದರೆ ಆ ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಬಗೆಯ ಕೊಳಗ ಬಳಕೆಯಲ್ಲಿತ್ತು? ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ? 1974ರ ಭೂಸುಧಾರಣೆ ಬಂದ ಮೇಲೆ ಅವು ಎಲ್ಲಿ ಹೋದವು? ಯಾರ ಮನೆಯ ಅಟ್ಟದಲ್ಲಾದರೂ ಹಳೇ ಕೊಳಗ ಸಿಕ್ಕಿದರೆ ಹುಡುಗರು ಅಕ್ಕಿ ಸುರಿದು, ಸೇರಿನಲ್ಲಿ ಅಳೆದು, ತೂಗಿ, ಫೋಟೊ ತೆಗೆದು ಬರೆದಿಡಬಹುದು. ಇದು ಸಂಶೋಧನೆ. “ಕಾಗೋಡು ಚಳವಳಿಯ ಮಹತ್ವ” ಅನ್ನುವುದು ಭಾಷಣ. ಸಮಿತಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ರಾಜ್ಯಶಾಸ್ತ್ರದವರಿಗೂ ದೂರ ಹೋಗುವ ಕೆಲಸವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆ. ನಿಮ್ಮ ತಾಲ್ಲೂಕಿನ ಒಂದೇ ಒಂದು ಗ್ರಾಮಸಭೆಯಲ್ಲಿ ಇದು ಹೇಗೆ ನಡೆಯಿತು ಎಂದು ವಿದ್ಯಾರ್ಥಿಗಳು ನೋಡಿ ಬರೆದರೆ ಸಾಕು. ಪೌರನೀತಿಯ ಪಾಠ ಪುಸ್ತಕದಿಂದ ಊರಿಗೆ ಇಳಿಯುತ್ತದೆ.

ಹೆಜ್ಜೆ 2: ಕಾಲೇಜಿನ ಕಾಗದ ಪತ್ರ

ಇದು ಬೇಸರದ ಕೆಲಸ, ಬೇಗ ಮುಗಿಸೋಣ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 2(ಎಫ್) ಮತ್ತು 12(ಬಿ) ಅಡಿ ನಿಮ್ಮ ಕಾಲೇಜು ಮಾನ್ಯತೆ ಪಡೆದಿದೆಯೇ ಎಂದು ಕಚೇರಿಯಲ್ಲಿ ಕೇಳಿ. 2(ಎಫ್) ಎಂದರೆ ಯುಜಿಸಿಯ ಕಾಲೇಜುಗಳ ಪಟ್ಟಿಯಲ್ಲಿ ಇರುವುದು, 12(ಬಿ) ಎಂದರೆ ಕೇಂದ್ರದ ನೆರವು ಪಡೆಯಲು ಅರ್ಹತೆ. ಅದರ ಪತ್ರ, ವಿಶ್ವವಿದ್ಯಾಲಯದ ಸಂಯೋಜನೆ ಪತ್ರ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಪ್ರಮಾಣಪತ್ರ, ಎಐಎಸ್‌ಎಚ್‌ಇ (ಉನ್ನತ ಶಿಕ್ಷಣದ ರಾಷ್ಟ್ರೀಯ ಸಮೀಕ್ಷೆ) ಸಂಖ್ಯೆ, ಪ್ಯಾನ್, ಬ್ಯಾಂಕ್ ವಿವರ, ಪಿಎಫ್‌ಎಂಎಸ್ ನೋಂದಣಿ ಸಂಖ್ಯೆ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿಡಿ. ಪಿಎಫ್‌ಎಂಎಸ್ ಎಂದರೆ ಕೇಂದ್ರದ ಹಣ ಎಲ್ಲಿ ಹೋಯಿತು ಎಂದು ಹಿಂಬಾಲಿಸುವ ವ್ಯವಸ್ಥೆ. ಖಾಸಗಿ ಆಡಳಿತ ಮಂಡಳಿಯ ಕಾಲೇಜಾದರೆ ಸ್ವಯಂಸೇವಾ ಸಂಸ್ಥೆಗಳಿಗಿರುವ ನೀತಿ ಆಯೋಗದ ದರ್ಪಣ್ ನೋಂದಣಿಯನ್ನೂ ಕೇಳಬಹುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರು ಪ್ರಾಂಶುಪಾಲರ ಮೂಲಕವೇ ಹೋಗಬೇಕು, ಇಲಾಖೆಯ ಅನುಮತಿ ಬೇಕಾದಲ್ಲಿ ಜಂಟಿ ನಿರ್ದೇಶಕರ ಕಚೇರಿಗೆ ಮೊದಲೇ ಪತ್ರ ಹಾಕಿ. ಕೊನೇ ದಿನ ಸಹಿಗಾಗಿ ಓಡಾಡಿದರೆ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ. ಇದು ಎಲ್ಲ ಕಾಲೇಜಿನ ಅನುಭವ.

ಹೆಜ್ಜೆ 3: ಯಾವ ಬಾಗಿಲು?

ಇತಿಹಾಸಕ್ಕೆ ಮೊದಲ ಬಾಗಿಲು ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು. ಎಲ್ಲರೂ ಐಸಿಎಚ್‌ಆರ್ ಅನ್ನುತ್ತಾರೆ. 1972ರಲ್ಲಿ ಶುರುವಾದ ಇದು ಕೇಂದ್ರ ಶಿಕ್ಷಣ ಸಚಿವಾಲಯದಡಿಯ ಸ್ವಾಯತ್ತ ಸಂಸ್ಥೆ. ದೆಹಲಿಯಲ್ಲಿ ಮುಖ್ಯ ಕಚೇರಿ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ. ಸಂಶೋಧನಾ ಯೋಜನೆ, ಫೆಲೋಶಿಪ್, ವಿಚಾರ ಸಂಕಿರಣ, ಅಧ್ಯಯನ ಪ್ರವಾಸ, ಪುಸ್ತಕ ಪ್ರಕಟಣೆ ಎಲ್ಲಕ್ಕೂ ಬೇರೆ ಬೇರೆ ಅರ್ಜಿ ಇವೆ. ಮೇಲೆ ಹೇಳಿದ ಕೊಳಗದ ಕೆಲಸವನ್ನು ಯೋಜನೆ ಎಂದು ಕೇಳುತ್ತೀರೋ, ವಿಚಾರ ಸಂಕಿರಣ ಎಂದೋ? ಮೊದಲೇ ತೀರ್ಮಾನಿಸಿ. ಎರಡನ್ನೂ ಒಂದೇ ಅರ್ಜಿಗೆ ತುರುಕಿದರೆ ಎರಡೂ ಕೈಬಿಡುತ್ತವೆ.

ರಾಜ್ಯಶಾಸ್ತ್ರ, ಸಮಾಜಶಾಸ್ತ್ರಕ್ಕೆ ಐಸಿಎಸ್‌ಎಸ್‌ಆರ್. 1969ರಲ್ಲಿ ಹುಟ್ಟಿದ ಸಮಾಜ ವಿಜ್ಞಾನಗಳ ಪರಿಷತ್ತು ಇದು. ದಕ್ಷಿಣದ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ. ಗ್ರಾಮಸಭೆಯಂಥ ವಿಷಯಕ್ಕೆ ಇದೇ ಸರಿ.

ಹಿರಿಯ ಅಧ್ಯಾಪಕರು “ಯುಜಿಸಿ ಮೈನರ್ ಪ್ರಾಜೆಕ್ಟ್ ಹಾಕಿ” ಎನ್ನುತ್ತಾರೆ. ಸಣ್ಣ ಸಂಶೋಧನೆಗೆ ಯುಜಿಸಿ ಕೊಡುತ್ತಿದ್ದ ಆ ಅನುದಾನ ಪಂಚವಾರ್ಷಿಕ ಯೋಜನೆಗಳ ಕಾಲದ ಮಾತು. 12ನೇ ಯೋಜನೆ 2017ಕ್ಕೇ ಮುಗಿಯಿತು. ಆ ನಂಬಿಕೆಯಲ್ಲಿ ಕೂರಬೇಡಿ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪಿಎಂ-ಉಷಾ ಎಂಬ ಯೋಜನೆಯಿದೆ, ಹಿಂದೆ ರೂಸಾ ಎನ್ನುತ್ತಿದ್ದದ್ದು. ನಮ್ಮಂಥ ರಾಜ್ಯದಲ್ಲಿ ಕೇಂದ್ರ 60, ರಾಜ್ಯ 40ರ ಪಾಲು. ಅದು ಇಡೀ ಸಂಸ್ಥೆಗೆ ಬರುವ ಹಣ, ಒಂದು ವಿಭಾಗ ನೇರವಾಗಿ ಕೇಳುವಂಥದ್ದಲ್ಲ. ಕಾಲೇಜಿನಿಂದ ಪ್ರಸ್ತಾವ ಹೋಗುವಾಗ ಪಟ್ಟಿಯಲ್ಲಿ ನಿಮ್ಮ ವಿಭಾಗದ ಸ್ಕ್ಯಾನರ್, ಪುಸ್ತಕಗಳೂ ಸೇರಲಿ ಎಂದು ಹೇಳುವಷ್ಟು ಬಾಯಿ ಮಾಡಿ, ಸಾಕು.

ಶಾಸಕರ, ಸಂಸದರ ನಿಧಿ? ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಇರುತ್ತದೆ, ಆದರೆ ಅದು ಉಳಿಯುವ ಆಸ್ತಿಗೆ. ಕೊಠಡಿ ಕೇಳಬಹುದು, ವಿಚಾರ ಸಂಕಿರಣದ ಊಟಕ್ಕೆ ಕೇಳುವಂತಿಲ್ಲ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಸಣ್ಣಪುಟ್ಟ ಖರ್ಚಿಗೆ ಆ ಸಮಿತಿಯ ಠರಾವು ಹತ್ತಿರದ ದಾರಿ.

ದುಡ್ಡು ಕೈಗೆ ಬರದಿದ್ದರೂ ಕೆಲಸ ಆಗುವ ಕಡೆಗಳೂ ಇವೆ. ಎನ್ಎಸ್ಎಸ್‌ನ 7 ದಿನದ ವಿಶೇಷ ಶಿಬಿರವನ್ನು ಅದೇ ಹಳ್ಳಿಯಲ್ಲಿ ಇಟ್ಟುಕೊಂಡರೆ ಊಟ, ವಸತಿಯ ತಲೆನೋವು ಕಡಿಮೆ. ಚುನಾವಣಾ ಆಯೋಗ 2018ರಲ್ಲಿ ಶುರು ಮಾಡಿದ ಮತದಾರರ ಸಾಕ್ಷರತಾ ಸಂಘ ನಿಮ್ಮ ಕಾಲೇಜಿನಲ್ಲೂ ಕಾಗದದ ಮೇಲಾದರೂ ಇರಬಹುದು. ಅದಕ್ಕೆ ಜೀವ ಕೊಡಿ. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ ಯುವ ಸಂಸತ್ತು ಕಾರ್ಯಕ್ರಮಕ್ಕೆ ಆನ್‌ಲೈನಿನಲ್ಲೇ ನೋಂದಣಿ ತೆಗೆದುಕೊಳ್ಳುತ್ತದೆ.

ಹೆಜ್ಜೆ 4: ಬಜೆಟ್ ಬರೆಯುವುದು

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ. “ಸಾರಿಗೆ: 50,000” ಎಂದು ಒಂದು ಸಾಲು ಬರೆದರೆ ಯಾರೂ ನಂಬುವುದಿಲ್ಲ. ಬಿಡಿಸಿ ಬರೆಯಿರಿ. ಕೊಳಗದ ಕೆಲಸಕ್ಕೆ ಒಂದು ಮಾದರಿ ಹೀಗಿರಬಹುದು:

ಮಿನಿ ಬಸ್ ಬಾಡಿಗೆ, 4 ದಿನ, ದಿನಕ್ಕೆ 6,500: 26,000
ಊಟ ತಿಂಡಿ, 20 ಜನ, 4 ದಿನ, ತಲಾ 150: 12,000
ಧ್ವನಿಮುದ್ರಣ ಯಂತ್ರ 2: 12,000
ಧ್ವನಿಮುದ್ರಿಸಿದ್ದನ್ನು ಬರಹಕ್ಕಿಳಿಸಲು, 20 ಗಂಟೆಯ ಮಾತು, ಗಂಟೆಗೆ 750: 15,000
ಇಬ್ಬರು ಸಂಪನ್ಮೂಲ ವ್ಯಕ್ತಿಗಳ ಗೌರವಧನ, ಪ್ರಯಾಣ: 9,000
ಪ್ರದರ್ಶನ ಫಲಕ, ಕಿರುಪುಸ್ತಕ: 14,000
ಜೆರಾಕ್ಸ್, ಸ್ಟೇಷನರಿ: 4,000
ಆಡಿಟ್ ಶುಲ್ಕ: 3,000
ಒಟ್ಟು: 95,000

ದರಗಳು ನಿಮ್ಮ ಊರಿನವು ಇರಲಿ, ಇದು ಉದಾಹರಣೆ ಮಾತ್ರ. ಯಂತ್ರ ಕೊಳ್ಳಲು ಆ ಅನುದಾನದಲ್ಲಿ ಅವಕಾಶ ಇದೆಯೇ ಎಂದು ಮಾರ್ಗಸೂಚಿ ಓದಿ. ಇಲ್ಲದಿದ್ದರೆ ಆ ಸಾಲು ತೆಗೆದು ಮೊಬೈಲಿನಲ್ಲೇ ಮುದ್ರಿಸಿ. ಬರಹಕ್ಕಿಳಿಸುವ ಖರ್ಚನ್ನು ಮಾತ್ರ ಬಿಡಬೇಡಿ. ಒಂದು ಗಂಟೆಯ ಮಾತನ್ನು ಕೂತು ಬರೆಯಲು ನಾಲ್ಕೈದು ಗಂಟೆ ಬೇಕು. ಅದರಲ್ಲೂ ನಮ್ಮ ಕಡೆಯ ಅಜ್ಜಂದಿರ ಮಾತು, ಹಿನ್ನೆಲೆಯಲ್ಲಿ ಮಳೆ, ನಡುವೆ ನಾಯಿ. ಇದಕ್ಕೆ ದುಡ್ಡಿಡದೆ ಹೂಗುಚ್ಛಕ್ಕೂ ಶಾಲಿಗೂ ಇಟ್ಟ ಬಜೆಟ್ ನೋಡಿದರೆ ನನಗಂತೂ ಸಿಟ್ಟು ಬರುತ್ತದೆ.

ಹೆಜ್ಜೆ 5: ಅರ್ಜಿ, ಮತ್ತು ಮಲೆನಾಡಿನ ಕ್ಯಾಲೆಂಡರ್

ಅರ್ಜಿಯಲ್ಲಿ ಆಕರಗಳ ಪಟ್ಟಿ ಗಟ್ಟಿಯಾಗಿರಲಿ. ಶಾಸನದ ವಿಷಯವಾದರೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟ ಶಿವಮೊಗ್ಗ ಜಿಲ್ಲೆಯವೇ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಾಗದ ಪತ್ರಗಳಿವೆ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಸರ್ಕಾರಿ ಸಂಗ್ರಹಾಲಯವಿದೆ. ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ಯಾವುದನ್ನು ನೋಡಿದ್ದೀರಿ, ಯಾವುದನ್ನು ನೋಡಲಿದ್ದೀರಿ ಎಂದು ಬೇರೆ ಬೇರೆ ಬರೆಯಿರಿ. ಸಂರಕ್ಷಿತ ಸ್ಮಾರಕದ ಶಾಸನಕ್ಕೆ ಹುಡುಗರು ಸುಮ್ನೆ ಹಿಟ್ಟು, ಚಾಕ್‌ಪೀಸ್ ಬಳಿಯದ ಹಾಗೆ ನೋಡಿಕೊಳ್ಳಿ. ಅಚ್ಚು ತೆಗೆಯಲು ಅನುಮತಿ ಬೇಕು.

ಕೆಲಸದ ವೇಳಾಪಟ್ಟಿ ಬರೆಯುವಾಗ ದೆಹಲಿಯ ಕ್ಯಾಲೆಂಡರ್ ನೋಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಕಡೆ ಕ್ಷೇತ್ರಕಾರ್ಯ ಎಂದು ಹಾಕಿದರೆ ಹುಡುಗರು ನೆನೆದು ವಾಪಸ್ ಬರುತ್ತಾರೆ, ಅಷ್ಟೇ. ಮಳೆಗಾಲ ಗ್ರಂಥಾಲಯಕ್ಕಿರಲಿ. ಮಳೆ ನಿಂತ ಮೇಲೆ ಅಡಿಕೆ ಕೊಯ್ಲು, ಹಗಲು ಯಾರೂ ಮಾತಿಗೆ ಸಿಗುವುದಿಲ್ಲ. ಆದರೆ ರಾತ್ರಿ ಅಡಿಕೆ ಸುಲಿಯಲು ಹತ್ತಾರು ಜನ ಒಟ್ಟಿಗೆ ಕೂತಿರುತ್ತಾರಲ್ಲ, ಅಂಥಾ ಸಂದರ್ಶನದ ಜಾಗ ಇನ್ನೊಂದಿಲ್ಲ. ಕೈ ಮೆಟ್ಟುಗತ್ತಿಯ ಮೇಲೆ, ಬಾಯಿ ಹಳೇ ಕಥೆಯ ಮೇಲೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಮಾತಾಡಿದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಹೆಸರು ಬೇಡ ಎಂದರೆ ಹೆಸರು ಬೇಡ. ಗೇಣಿಯ ಜಗಳ ಕೆಲವು ಮನೆಗಳಲ್ಲಿ ಇನ್ನೂ ಹಸಿ.

ಹೆಜ್ಜೆ 6: ದುಡ್ಡು ಬಂತು, ಈಗ ಲೆಕ್ಕ

ಮಂಜೂರಾತಿ ಪತ್ರವನ್ನು ಪೂರ್ತಿ ಓದಿ, ಷರತ್ತುಗಳೆಲ್ಲ ಅದರಲ್ಲೇ ಇರುತ್ತವೆ. ಹಣ ಸಾಮಾನ್ಯವಾಗಿ ಒಂದೇ ಸಲ ಬರುವುದಿಲ್ಲ. ಕೊನೇ ಕಂತು ವರದಿ, ಲೆಕ್ಕ ಕೊಟ್ಟ ಮೇಲೆ. ಹಾಗಾಗಿ ಆರಂಭದಲ್ಲಿ ಕಾಲೇಜು ಸ್ವಲ್ಪ ಹಣ ಹಾಕಬೇಕಾಗುತ್ತದೆ ಎಂದು ಪ್ರಾಂಶುಪಾಲರಿಗೆ ಮೊದಲೇ ಹೇಳಿಡಿ. ಮೇಷ್ಟ್ರು ಸ್ವಂತ ಸಂಬಳದಿಂದ ಹಾಕಿ ಆಮೇಲೆ ವರ್ಷಗಟ್ಟಲೆ ಕಾಯುವುದು ಬೇಡ.

ಪ್ರತ್ಯೇಕ ಕ್ಯಾಶ್ ಬುಕ್ ಇಡಿ. ಖರ್ಚಾದ ದಿನವೇ ಬರೆಯಿರಿ. ಹೋಟೆಲಿನವನು ಚೀಟಿಯಲ್ಲಿ ಬರೆದುಕೊಟ್ಟದ್ದು ಬಿಲ್ ಅಲ್ಲ. ಅಂಗಡಿಯ ಹೆಸರು, ಸಂಖ್ಯೆ, ದಿನಾಂಕ ಇರುವ ಬಿಲ್ ಕೇಳಿ ಪಡೆಯಿರಿ. ಹಳ್ಳಿಯಲ್ಲಿ ಅದು ಸಿಗದಿದ್ದರೆ ಹಣ ಪಡೆದವರ ಸಹಿಯಿರುವ ವೋಚರ್ ಮಾಡಿ. ಥರ್ಮಲ್ ಕಾಗದದ ಬಿಲ್ ಅನ್ನು ಆವತ್ತೇ ಜೆರಾಕ್ಸ್ ಮಾಡಿಸಿ, ಮಲೆನಾಡಿನ ಥಂಡಿಗೆ ಅಕ್ಷರ ಅಳಿಸಿ ಹೋಗುತ್ತದೆ.

ಕೊನೆಗೆ ಬಳಕೆ ಪ್ರಮಾಣಪತ್ರ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆ, ಜೊತೆಗೆ ಚಾರ್ಟರ್ಡ್ ಅಕೌಂಟೆಂಟ್ ಸಹಿಯ ಲೆಕ್ಕಪಟ್ಟಿ. ಉಳಿದ ಹಣ ವಾಪಸ್ ಮಾಡಬೇಕು. ಖಾತೆಯಲ್ಲಿದ್ದಾಗ ಬಂದ ಬಡ್ಡಿಯೂ ಸರ್ಕಾರದ್ದೇ. ನೂರಿನ್ನೂರು ರೂಪಾಯಿ ಬಡ್ಡಿ ತೋರಿಸದ್ದಕ್ಕೇ ಫೈಲು ನಿಂತುಬಿಡಬಹುದು. ಈ ಪ್ರಮಾಣಪತ್ರ ಬಾಕಿ ಇದ್ದರೆ ಮುಂದಿನ ಸಲ ಕಾಲೇಜಿಗೇ ಅನುದಾನ ಕಷ್ಟ, ನಿಮ್ಮ ವಿಭಾಗಕ್ಕಷ್ಟೇ ಅಲ್ಲ.

ಧ್ವನಿಮುದ್ರಣಗಳ ಒಂದು ಪ್ರತಿ ಕಾಲೇಜು ಗ್ರಂಥಾಲಯಕ್ಕೆ, ಇನ್ನೊಂದು ವಿಶ್ವವಿದ್ಯಾಲಯಕ್ಕೆ ಕೊಡಿ. ಮೇಷ್ಟ್ರಿಗೆ ವರ್ಗವಾದರೆ ಪೆನ್‌ಡ್ರೈವೂ ಅವರ ಜೊತೆ ಹೋಗಬಾರದು.

ಹೆಜ್ಜೆ 7: ಆಗಲ್ಲ ಎಂದರೆ

ಮೊದಲ ಸಲ ಬರದಿರುವುದು ಮಾಮೂಲು. ಕಾರಣ ಕೇಳಿ ಪತ್ರ ಹಾಕಿ, ಉತ್ತರ ಬಂದರೆ ಲಾಭ. ಈ ನಡುವೆ ಕೆಲಸ ನಿಲ್ಲಿಸಬೇಡಿ. ಅದೇ ಹಳ್ಳಿಯಿಂದ ಕಾಲೇಜಿಗೆ ಬರುವ ಮೂರ್ನಾಲ್ಕು ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ, ಅವರಿಗೆ ಬಸ್ ಬಾಡಿಗೆ ಬೇಡ. ದೀಪಾವಳಿ ರಜೆಗೆ ಮನೆಗೆ ಹೋದಾಗ ಮೊಬೈಲಿನಲ್ಲಿ ಒಬ್ಬೊಬ್ಬರು ಒಂದು ಮಾತುಕತೆ ಮುದ್ರಿಸಿ, ಅಟ್ಟದಲ್ಲಿ ಕೊಳಗ ಇದ್ದರೆ ಅಳೆದು ತರಲಿ. ಅವುಗಳಲ್ಲಿ ಎರಡನ್ನು ಬರಹಕ್ಕಿಳಿಸಿ, ಫೋಟೊ ಸಮೇತ ಮುಂದಿನ ವರ್ಷದ ಅರ್ಜಿಗೆ ಅನುಬಂಧ ಮಾಡಿ. ಪ್ರಾಥಮಿಕ ಕೆಲಸ ಶುರುವಾಗಿದೆ ಎಂಬ ಸಾಲನ್ನು ಅರ್ಜಿಯ ಮೊದಲ ಪುಟದಲ್ಲೇ ಹಾಕಿ, ಪಕ್ಕದಲ್ಲಿ ಅನುಬಂಧದ ಪುಟಸಂಖ್ಯೆ ಕೊಡಿ.